ಆಟದ ಕರೆಂಟು, ಆಲೆಮನೆಯ ಒಲೆ

ರಾತ್ರಿ ಒಂದೂ ಮುಕ್ಕಾಲು. ಬೆಳಿಗ್ಗೆ ಒಂಬತ್ತೂವರೆಗೆ ಇಂಟರ್ನಲ್ಸ್. ಹಾಸ್ಟೆಲ್ ಕೋಣೆಯ ಲೈಟ್ ಆರಿಸಿ, ವಾರ್ಡನ್‌ಗೆ ಬೆಳಕು ಕಾಣದಂತೆ ಬಾಗಿಲ ಸಂದಿಗೆ ಟವೆಲ್ ತುರುಕಿ, ನಾನೂ ನನ್ನ ರೂಮ್‌ಮೇಟೂ ಒಂದೇ ಲ್ಯಾಪ್‌ಟಾಪಿನ ಮುಂದೆ ಕೂತಿದ್ದೆವು. ನೋಟ್ಸ್ ಹಾಸಿಗೆಯ ಮೇಲೆ ತೆರೆದೇ ಬಿದ್ದಿತ್ತು. ಪರದೆಯ ಮೇಲೆ ನಮ್ಮ ಕಾರ್ಖಾನೆಯ ದೀಪಗಳು ಒಂದೊಂದಾಗಿ ಮಂಕಾಗತೊಡಗಿದವು.

‘ಲೇ, ಕರೆಂಟ್ ಹೊಂಟೈತಲೇ!’ ಅಂದ ಅವನು.

ಬೆಲ್ಟ್ ಮೇಲೆ ಓಡುತ್ತಿದ್ದ ಕಬ್ಬಿಣ, ತಾಮ್ರ ಎಲ್ಲ ಇದ್ದ ಹಾಗೇ ಇತ್ತು. ಅದನ್ನು ಎತ್ತಿ ಯಂತ್ರಕ್ಕೆ ಹಾಕುವ ಕೈಗಳು ಮಾತ್ರ ನಿದ್ದೆಗಣ್ಣಲ್ಲಿ ಚಲಿಸುತ್ತಿದ್ದವು. ಎರಡು ನಿಮಿಷದಲ್ಲಿ ಅವೂ ನಿಂತವು. ಮೂರು ವಾರ ಕಟ್ಟಿದ್ದ ಕಾರ್ಖಾನೆ ಶಿಲೆಯಾಯಿತು. ಪಕ್ಕದಲ್ಲೇ ನೆಲದಡಿ ಲಕ್ಷಗಟ್ಟಲೆ ಕಲ್ಲಿದ್ದಲು ಇತ್ತು ಅನ್ನುವುದು ಬೇರೆ ಮಾತು.

ಈ ಆಟದ ಹೆಸರು ‘ಫ್ಯಾಕ್ಟೋರಿಯೊ’. ಜೆಕ್ ದೇಶದ ಪ್ರಾಗ್ ನಗರದಲ್ಲಿರುವ ‘ವೂಬೆ ಸಾಫ್ಟ್‌ವೇರ್’ ಎಂಬ ಕಂಪನಿ ಮಾಡಿದ್ದು. ವರ್ಷಗಟ್ಟಲೆ ಅರೆಬೆಂದ ರೂಪದಲ್ಲೇ ಜನ ಅದನ್ನು ಆಡಿದ ಮೇಲೆ, ಪೂರ್ಣ ಆವೃತ್ತಿ ಬಂದದ್ದು 2020ರ ಆಗಸ್ಟ್‌ನಲ್ಲಿ. ಹಡಗು ಕೆಟ್ಟು ಯಾವುದೋ ಗ್ರಹದಲ್ಲಿ ಸಿಕ್ಕಿಕೊಂಡ ಒಬ್ಬ ಎಂಜಿನಿಯರ್ ನೀವು. ಕೈಯಲ್ಲಿ ಕಲ್ಲು ಒಡೆಯುವುದರಿಂದ ಶುರು ಮಾಡಿ ರಾಕೆಟ್ ಹಾರಿಸುವವರೆಗೆ ಹೋಗಬೇಕು. ನಡುವೆ ಗಣಿ, ಕುಲುಮೆ, ಬೆಲ್ಟ್, ರೈಲು, ತೈಲ ಶುದ್ಧೀಕರಣ ಘಟಕ ಎಲ್ಲ ನೀವೇ ಹಾಕಿಕೊಳ್ಳಬೇಕು. ನಿಮ್ಮ ಹೊಗೆ ಮೂಗಿಗೆ ಬಡಿದ ಸ್ಥಳೀಯ ಕೀಟಗಳು ದಂಡೆತ್ತಿ ಬರುತ್ತವೆ. ಡಿಸ್ಕೌಂಟ್ ಕೊಡುವುದೇ ಇಲ್ಲ ಅನ್ನುವುದು ಆ ಕಂಪನಿಯ ನೀತಿ. ಹಾಗಾಗಿ ದೀಪಾವಳಿ ಆಫರ್‌ಗೆ ಕಾದು ಪ್ರಯೋಜನವಿಲ್ಲ ಎಂದು ನಾವಿಬ್ಬರೂ ಅರ್ಧರ್ಧ ದುಡ್ಡು ಹಾಕಿ ಕೊಂಡಿದ್ದೆವು.

ನಾನು ಎಲೆಕ್ಟ್ರಿಕಲ್ ವಿದ್ಯಾರ್ಥಿ, ಮಂಡ್ಯ ಕಡೆಯವನು. ರೂಮ್‌ಮೇಟ್ ಮೆಕ್ಯಾನಿಕಲ್. ಅವನ ಊರು ರಾಯಚೂರಿನ ಶಕ್ತಿನಗರ. ಕೃಷ್ಣೆಯ ದಡದಲ್ಲಿ 1,720 ಮೆಗಾವ್ಯಾಟ್‌ನ ಶಾಖೋತ್ಪನ್ನ ಸ್ಥಾವರ ಇರುವ ಊರು. ಚಿಮಣಿಗಳ ನೆರಳಲ್ಲೇ ಬೆಳೆದವನು ಅವನು. ಆಟದಲ್ಲಿ ಬಾಯ್ಲರ್ ಇಟ್ಟ ಮೊದಲ ದಿನವೇ ಅವನಿಗೆ ಸಿಟ್ಟು ಬಂತು.

‘ಇದು ಸುಳ್ಳಲೇ. ನೂರಕ್ಕೆ ನೂರು ಎಲ್ಲಿ ಬರ್ತೈತಿ?’

ಅವನ ತಕರಾರು ಸರಿಯಾಗೇ ಇತ್ತು. ಆಟದ ಒಂದು ಬಾಯ್ಲರ್ 1.8 ಮೆಗಾವ್ಯಾಟ್ ಶಾಖ ಕೊಡುತ್ತದೆ. ಅದು ತಲಾ 900 ಕಿಲೋವ್ಯಾಟ್‌ನ ಎರಡು ಸ್ಟೀಮ್ ಎಂಜಿನ್‌ಗಳನ್ನು ಓಡಿಸುತ್ತದೆ. ಸುಟ್ಟ ಇಂಧನದ ಶಾಖವೆಲ್ಲ ಕರೆಂಟಾಗಿ ಹೊರಬರುತ್ತದೆ, ಒಂದು ಚೂರೂ ನಷ್ಟವಿಲ್ಲ. ನಿಜವಾದ ಕಲ್ಲಿದ್ದಲು ಸ್ಥಾವರದಲ್ಲಿ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಮಾತ್ರ ಕರೆಂಟಾಗುತ್ತದೆ. ಉಳಿದದ್ದು ಚಿಮಣಿಗೆ, ನೀರಿಗೆ, ಗಾಳಿಗೆ. ಹಾಗೆ ನೋಡಿದರೆ ಈ ಆಟದಲ್ಲೂ ಹಿಂದೆ ಬಾಯ್ಲರ್ ದಕ್ಷತೆ ಶೇ 50 ಇತ್ತಂತೆ. ಲೆಕ್ಕ ಸುಲಭವಾಗಲಿ ಎಂದು ಆಮೇಲೆ 100 ಮಾಡಿದರು.

ಈ ಆಟದ ಚೆಂದ ಏನೆಂದರೆ, ನಿಯಮ ಇಷ್ಟವಾಗದಿದ್ದರೆ ನಾವೇ ಬದಲಿಸಬಹುದು. ಲುವಾ ಎಂಬ ಭಾಷೆಯಲ್ಲಿ ನಾಲ್ಕು ಸಾಲು ಬರೆದರೆ ಅದೇ ಒಂದು ‘ಮಾಡ್’. ಪುಟ್ಟ ದ್ವೀಪದಿಂದ ಶುರುವಾಗಿ, ಸುತ್ತಲಿನ ಸಮುದ್ರದ ನೀರಿನಿಂದಲೇ ಎಲ್ಲವನ್ನೂ ಹುಟ್ಟಿಸಬೇಕಾದ ‘ಸೀಬ್ಲಾಕ್’ನಂಥ ಘನಘೋರ ಮಾಡ್‌ಗಳೂ ಇವೆ. ನಮ್ಮದು ಅಷ್ಟು ದೊಡ್ಡದಲ್ಲ. ಬಾಯ್ಲರ್‌ನ ‘ಎಫೆಕ್ಟಿವಿಟಿ’ ಎಂಬ ಒಂದು ಅಂಕಿಯನ್ನು 1ರಿಂದ 0.35ಕ್ಕೆ ಇಳಿಸಿದೆವು. ಒಂದೇ ಒಂದು ಸಾಲು. ಬರೆಯಲು ಹಿಡಿದದ್ದು ಐದು ನಿಮಿಷ. ಅದರ ಫಲ ಉಣ್ಣಲು ಒಂದು ಸೆಮಿಸ್ಟರ್ ಹಿಡಿಯಿತು.

ಮೊದಲ ಪೆಟ್ಟು ಕಲ್ಲಿದ್ದಲಿಗೆ. ಒಂದು ತುಂಡು ಕಲ್ಲಿದ್ದಲಿನಲ್ಲಿ 4 ಮೆಗಾಜೂಲ್ ಶಾಖ. ಮಾಡ್‌ಗೆ ಮುಂಚೆ ಒಂದು ಬಾಯ್ಲರ್ ಸೆಕೆಂಡಿಗೆ 0.45 ತುಂಡು ತಿನ್ನುತ್ತಿತ್ತು. ಈಗ ಅಷ್ಟೇ ಕರೆಂಟಿಗೆ 1.3 ತುಂಡು. ಸೆಕೆಂಡಿಗೆ 15 ವಸ್ತು ಸಾಗಿಸುವ ಹಳದಿ ಬೆಲ್ಟ್ ಮೊದಲು 33 ಬಾಯ್ಲರ್‌ಗಳ ಹೊಟ್ಟೆ ತುಂಬಿಸುತ್ತಿತ್ತು, ಈಗ 11 ದಾಟಿದರೆ ಹನ್ನೆರಡನೆಯದಕ್ಕೆ ಅರೆಹೊಟ್ಟೆ. ಸರಿ, ಇನ್ನಷ್ಟು ಗಣಿ ಯಂತ್ರ ಹಾಕೋಣ ಅಂದುಕೊಂಡೆವು. ಆದರೆ ಗಣಿ ಯಂತ್ರವೂ ಕರೆಂಟಿನಿಂದಲೇ ಓಡುವುದು. 90 ಕಿಲೋವ್ಯಾಟ್ ತಿಂದು ಎರಡು ಸೆಕೆಂಡಿಗೊಂದು ತುಂಡು ಕೀಳುತ್ತದೆ. ಅಂದರೆ ಒಂದು ತುಂಡಿಗೆ 0.18 ಮೆಗಾಜೂಲ್ ಖರ್ಚು. ಮೊದಲು ಹಾಕಿದ್ದರ 22 ಪಟ್ಟು ವಾಪಸ್ ಬರುತ್ತಿತ್ತು. ಈಗ ಎಂಟು ಪಟ್ಟೂ ಇಲ್ಲ.

ಎಂಟು ಪಟ್ಟು ಬಂದರೂ ಲಾಭವೇ ಅಲ್ಲವೇ ಅನ್ನಬಹುದು. ಲಾಭವೇ, ಎಲ್ಲವೂ ಸರಿಯಾಗಿ ಓಡುತ್ತಿರುವವರೆಗೆ. ಆ ರಾತ್ರಿ ನಾವು ಹೊಸದಾಗಿ ಇಪ್ಪತ್ತು ಯಂತ್ರಗಳನ್ನು ಒಟ್ಟಿಗೇ ಚಾಲೂ ಮಾಡಿದೆವು. ಬೇಡಿಕೆ ಉತ್ಪಾದನೆಗಿಂತ ತುಸು ಹೆಚ್ಚಾಯಿತು. ಈ ಆಟದಲ್ಲಿ ಕರೆಂಟ್ ಕಡಿಮೆಯಾದರೆ ಎಲ್ಲರಿಗೂ ಸಮನಾಗಿ ಕಡಿಮೆಯಾಗುತ್ತದೆ. ದೀಪಕ್ಕೂ ಶೇ 90, ಗಣಿಗೂ ಶೇ 90. ಗಣಿ ನಿಧಾನವಾಯಿತು, ಕಲ್ಲಿದ್ದಲು ಕಡಿಮೆ ಬಂತು, ಬಾಯ್ಲರ್ ಆರಿತು, ಕರೆಂಟ್ ಇನ್ನೂ ಇಳಿಯಿತು, ಗಣಿ ಇನ್ನೂ ನಿಧಾನವಾಯಿತು. ಕೆಳಗೆ ಇಳಿದಷ್ಟೂ ಇಳಿಯುವ ಬಾವಿ ಇದು. ಬಾಯ್ಲರ್‌ಗೆ ಕಲ್ಲಿದ್ದಲು ಎತ್ತಿ ಹಾಕುವ ಕೈಯೂ ಕರೆಂಟಿನದ್ದೇ ಆಗಿದ್ದರಿಂದ ಕೊನೆಗೆ ಬೆಲ್ಟ್ ಮೇಲೆ ಕಲ್ಲಿದ್ದಲಿದ್ದರೂ ಹಾಕುವವರಿಲ್ಲದಂತಾಯಿತು.

ಆ ಇಂಟರ್ನಲ್ಸ್‌ನಲ್ಲಿ ನನಗೆ ಬಂದದ್ದು 50ಕ್ಕೆ 19. ಅದನ್ನು ಮುಚ್ಚಿಡುವುದಿಲ್ಲ. ವಿಷಯ ಯಾವುದು ಗೊತ್ತೇ? ವಿದ್ಯುತ್ ಉತ್ಪಾದನೆ ಮತ್ತು ಪ್ರಸರಣ.

ಮರುದಿನ ಸಂಜೆ ಕತ್ತಲ ಕಾರ್ಖಾನೆಯನ್ನು ಎಬ್ಬಿಸಲು ಕೂತೆವು. ಕೈಯಿಂದ ಒಂದೊಂದೇ ಬಾಯ್ಲರ್‌ಗೆ ಕಲ್ಲಿದ್ದಲು ತುಂಬಿ, ಕಾರ್ಖಾನೆಯ ಕಡೆಗಿನ ತಂತಿ ಕಿತ್ತು, ಗಣಿಗೆ ಮಾತ್ರ ಕರೆಂಟ್ ಹೋಗುವಂತೆ ಮಾಡಿ, ಆಮೇಲೆ ನಿಧಾನಕ್ಕೆ ಉಳಿದದ್ದನ್ನು ಸೇರಿಸಿದೆವು. ಹೀಗೆ ಮಾಡುವುದಕ್ಕೆ ‘ಬ್ಲ್ಯಾಕ್ ಸ್ಟಾರ್ಟ್’ ಎಂದು ಹೆಸರಿದೆ ಅನ್ನುವುದು ಪುಸ್ತಕದ ಹದಿನೇಳನೆಯ ಪುಟದಲ್ಲೇ ಇತ್ತು, ನಾನು ಓದಿರಲಿಲ್ಲ ಅಷ್ಟೆ. 2012ರ ಜುಲೈ 30ರಂದು ಉತ್ತರ ಭಾರತದ ಗ್ರಿಡ್ ಕುಸಿಯಿತು. ಮರುದಿನ ಪೂರ್ವ, ಈಶಾನ್ಯದ ಗ್ರಿಡ್‌ಗಳೂ ಜತೆಗೆ ಕುಸಿದು 60 ಕೋಟಿಗೂ ಹೆಚ್ಚು ಜನರ ಪ್ರದೇಶ ಕತ್ತಲಾಯಿತು. ಕಲ್ಲಿದ್ದಲು ಸ್ಥಾವರ ತಾನಾಗಿ ಏಳಲಾರದು. ಅದರ ಪಂಪು, ಫ್ಯಾನು, ಕಲ್ಲಿದ್ದಲು ಪುಡಿ ಮಾಡುವ ಗಿರಣಿ ಎಲ್ಲಕ್ಕೂ ಮೊದಲು ಹೊರಗಿನಿಂದ ಕರೆಂಟ್ ಬೇಕು. ಅದನ್ನು ಕೊಡುವುದು ಸಾಮಾನ್ಯವಾಗಿ ಜಲವಿದ್ಯುತ್ ಅಥವಾ ಗ್ಯಾಸ್ ಸ್ಥಾವರ. ನಮ್ಮ ದಕ್ಷಿಣದ ಗ್ರಿಡ್ ಆಗಿನ್ನೂ ಉಳಿದ ದೇಶದ ಜತೆ ಒಂದೇ ತಾಳಕ್ಕೆ ಕೂಡಿರಲಿಲ್ಲವಾದ್ದರಿಂದ ನಾವು ಬಚಾವಾದೆವು. ಕೂಡಿದ್ದು 2013ರ ಡಿಸೆಂಬರ್ 31ರಂದು, ರಾಯಚೂರು–ಸೊಲ್ಲಾಪುರ ನಡುವಿನ 765 ಕೆ.ವಿ. ಲೈನಿನ ಮೂಲಕ. ‘ನಮ್ಮೂರಿಂದ’ ಎಂದು ರೂಮ್‌ಮೇಟ್ ಎದೆ ಉಬ್ಬಿಸುತ್ತಾನೆ, ಅವನೇ ತಂತಿ ಎಳೆದ ಹಾಗೆ.

ಆಮೇಲೆ ಬಾಯ್ಲರ್‌ಗಳ ಮುಂದೆ ಕರೆಂಟ್ ಬೇಡದ, ತಾನು ಎತ್ತುವ ಕಲ್ಲಿದ್ದಲಿನಲ್ಲೇ ಒಂದು ಚೂರು ತಾನು ತಿಂದು ಓಡುವ ಹಳೇ ಮಾದರಿಯ ಕೈಗಳನ್ನು ಹಾಕಿದೆವು. ಹೊಸ ಆಟಗಾರರು ಮೊದಲು ಕಿತ್ತೆಸೆಯುವುದೇ ಅವನ್ನು. ಗಣಿಗೆ ಪ್ರತ್ಯೇಕ ಲೈನ್ ಕೊಟ್ಟೆವು. ಬ್ಯಾಟರಿಯ ಮಟ್ಟ ಶೇ 20ಕ್ಕೆ ಇಳಿದರೆ ಪ್ರಯೋಗಾಲಯಗಳ ಸ್ವಿಚ್ ತಾನಾಗಿ ಬೀಳುವಂತೆ ಮಾಡಿದೆವು. ಅಂದರೆ ಲೋಡ್ ಶೆಡ್ಡಿಂಗ್. ಹಳ್ಳಿಯಲ್ಲಿ ಹುಟ್ಟಿ, ತ್ರೀ ಫೇಸ್ ಯಾವಾಗ ಬರುತ್ತದೆಂದು ರಾತ್ರಿಯೆಲ್ಲ ಕಾದು ಪಂಪ್‌ಸೆಟ್ ಆನ್ ಮಾಡಿದವನು ನಾನು. ಲೋಡ್ ಶೆಡ್ಡಿಂಗ್ ಮಾಡುವವನ ಕುರ್ಚಿಯಲ್ಲಿ ಕೂತದ್ದು ಅದೇ ಮೊದಲು. ಅಲ್ಲಿಂದ ನೋಡಿದರೆ ಪ್ರಯೋಗಾಲಯದವರ ಗೋಳು ಕೇಳಿಸುವುದೇ ಇಲ್ಲ!

ಸೋಲಾರ್ ಹಾಕಬಾರದಿತ್ತೇ ಎಂದು ಕೇಳುವವರಿಗೆ ಒಂದು ಮಾತು. ಆಟದ ಒಂದು ಸೋಲಾರ್ ಫಲಕ ಹಗಲು ರಾತ್ರಿ ಸೇರಿ ಸರಾಸರಿ 42 ಕಿಲೋವ್ಯಾಟ್ ಕೊಡುತ್ತದೆ. ಒಂದು ಸ್ಟೀಮ್ ಎಂಜಿನ್‌ಗೆ ಸಮ ಬರಲು 21ಕ್ಕಿಂತ ಹೆಚ್ಚು ಫಲಕ, ಜತೆಗೆ 18 ಬ್ಯಾಟರಿ ಬೇಕು. ನಮ್ಮಲ್ಲಿ ಆಗ ಅಷ್ಟು ತಾಮ್ರವೂ ಇರಲಿಲ್ಲ, ಉಕ್ಕೂ ಇರಲಿಲ್ಲ. ಇದ್ದದ್ದು ತೈಲ.

ನಾನು ನಿಜವಾಗಿ ಮುಗ್ಗರಿಸಿದ್ದು ಅಲ್ಲೇ.

ತೈಲವನ್ನು ಶುದ್ಧೀಕರಿಸಿ, ಬಂದ ಲೈಟ್ ಆಯಿಲ್, ಗ್ಯಾಸ್ ಮುಂತಾದವನ್ನು ಕೆಮಿಕಲ್ ಪ್ಲಾಂಟ್‌ಗೆ ಹಾಕಿದರೆ ‘ಸಾಲಿಡ್ ಫ್ಯೂಯೆಲ್’ ಎಂಬ ಇಟ್ಟಿಗೆ ಸಿಗುತ್ತದೆ. ಒಂದರಲ್ಲಿ 12 ಮೆಗಾಜೂಲ್, ಕಲ್ಲಿದ್ದಲಿನ ಮೂರು ಪಟ್ಟು. ಸಾಗಿಸುವುದೂ ಸುಲಭ. ಬಾವಿಯಿಂದ ಬಾಯ್ಲರ್‌ವರೆಗೆ ನಾನು ಪೂರಾ ಲೆಕ್ಕ ಹಾಕಿದ್ದೆ. 100 ಪಾಲು ಕಚ್ಚಾ ತೈಲದಿಂದ ಸುಮಾರು 109 ಮೆಗಾಜೂಲ್ ಇಂಧನ. ಪಂಪು, ಶುದ್ಧೀಕರಣ, ಇಟ್ಟಿಗೆ ಮಾಡುವುದು ಎಲ್ಲ ಸೇರಿ ಕರೆಂಟ್ ಖರ್ಚು 7 ಮೆಗಾಜೂಲ್. ಮೂಲ ಆಟದಲ್ಲಿ ಇದು ಹದಿನೈದು ಪಟ್ಟು ಲಾಭ. ನಮ್ಮ ಮಾಡ್‌ನಲ್ಲಿ ಆ 109ರಲ್ಲಿ ಕರೆಂಟಾಗುವುದು 38. ಲಾಭ ಐದು ಪಟ್ಟಿಗೆ ಇಳಿಯಿತು. ಬಾವಿ ಹಳೆಯದಾಗಿ ಐದನೇ ಒಂದು ಪಾಲು ಒರತೆಗೆ ಇಳಿದಾಗ ಪಂಪಿನ ಖರ್ಚು ಏರಿ, ಮೂರೂವರೆ ಪಟ್ಟು.

ಇನ್ನಷ್ಟು ಇಂಧನ ಬೇಕು ಅನ್ನಿಸಿತು. ಆಟದಲ್ಲಿ ಅದಕ್ಕೊಂದು ದಾರಿ ಇದೆ. ‘ಪ್ರೊಡಕ್ಟಿವಿಟಿ ಮಾಡ್ಯೂಲ್’ ಎಂಬ ಚಿಪ್ಪು. ಮೂರನೇ ಹಂತದ್ದನ್ನು ಯಂತ್ರಕ್ಕೆ ಹಾಕಿದರೆ ಅಷ್ಟೇ ಕಚ್ಚಾವಸ್ತುವಿನಲ್ಲಿ ಶೇ 10 ಹೆಚ್ಚು ಮಾಲು. ಕೆಮಿಕಲ್ ಪ್ಲಾಂಟ್‌ಗೆ ಮೂರು ಹಾಕಬಹುದು, ಅಂದರೆ ಶೇ 30 ಹೆಚ್ಚು. ಪುಕ್ಕಟೆ ಇಂಧನ! ಈ ಚಿಪ್ಪು ಮಾಡುವುದಕ್ಕೆ ಕಾರ್ಖಾನೆಯ ಅರ್ಧ ಸಂಪತ್ತು ಹೋಗುತ್ತದೆ. ಮೂರು ಸಂಜೆ ಕೂತು ಹನ್ನೆರಡು ಪ್ಲಾಂಟ್‌ಗಳಿಗೂ ಹಾಕಿದೆ. ಬೆಲ್ಟ್ ಮೇಲೆ ಇಟ್ಟಿಗೆ ತುಂಬಿ ತುಳುಕಲಿ ಎಂದು ಇನ್ನಷ್ಟು ಪ್ಲಾಂಟ್‌ಗಳನ್ನೂ ಸೇರಿಸಿದೆ. ರೂಮ್‌ಮೇಟ್‌ನನ್ನು ಕರೆದು ತೋರಿಸಿದೆ. ಅವನು ಬೆಲ್ಟ್ ನೋಡಲಿಲ್ಲ, ಕರೆಂಟಿನ ಗ್ರಾಫ್ ನೋಡಿದ.

‘ಮಗಾ, ಇಂಧನ ಜಾಸ್ತಿ ಆಗ್ಯಾದ. ಕರೆಂಟ್ ಯಾಕ ಕಮ್ಮಿ ಆಗ್ಯಾದ?’

ನನಗೆ ಉತ್ತರ ಹೊಳೆಯಲಿಲ್ಲ. ರಾತ್ರಿ ಮೆಸ್‌ನಲ್ಲಿ ಚಪಾತಿ ಮುರಿಯುತ್ತಾ ಟಿಶ್ಯೂ ಪೇಪರ್ ಮೇಲೆ ಲೆಕ್ಕ ಹಾಕಿದೆವು. ಚಿಪ್ಪಿಲ್ಲದ ಪ್ಲಾಂಟ್ 210 ಕಿಲೋವ್ಯಾಟ್‌ನಲ್ಲಿ ಎರಡು ಸೆಕೆಂಡ್ ಓಡಿ ಒಂದು ಇಟ್ಟಿಗೆ ಮಾಡುತ್ತದೆ. ಖರ್ಚು 0.42 ಮೆಗಾಜೂಲ್. ಇಟ್ಟಿಗೆಯ 12 ಮೆಗಾಜೂಲ್‌ನಲ್ಲಿ ನಮ್ಮ ಬಾಯ್ಲರ್ ಕರೆಂಟಾಗಿ ಕೊಡುವುದು 4.2. ಖರ್ಚು ಕಳೆದರೆ ಉಳಿತಾಯ 3.78. ಇನ್ನು ಚಿಪ್ಪು ಹಾಕಿದ್ದು. ಪ್ರತಿ ಚಿಪ್ಪೂ ಮಾಲು ಹೆಚ್ಚಿಸುವುದರ ಜತೆಗೆ ಶೇ 80 ಹೆಚ್ಚು ಕರೆಂಟ್ ಕುಡಿಯುತ್ತದೆ, ವೇಗವನ್ನು ಶೇ 15 ತಗ್ಗಿಸುತ್ತದೆ. ಮೂರು ಸೇರಿದರೆ ಪ್ಲಾಂಟ್ 714 ಕಿಲೋವ್ಯಾಟ್‌ಗೆ ಏರಿ, ಎರಡು ಸೆಕೆಂಡಿನ ಕೆಲಸಕ್ಕೆ ಮೂರೂವರೆ ಸೆಕೆಂಡ್ ದಾಟಿಸುತ್ತದೆ. ಖರ್ಚು 2.6 ಮೆಗಾಜೂಲ್. ಸಿಗುವುದು 1.3 ಇಟ್ಟಿಗೆ, ಅಂದರೆ 15.6 ಮೆಗಾಜೂಲ್ ಶಾಖ, ಅಂದರೆ 5.46 ಕರೆಂಟ್. ಖರ್ಚು ಕಳೆದರೆ 2.86.

ಅಷ್ಟೇ ತೈಲದಿಂದ ಮೊದಲು 3.78, ಈಗ 2.86. ಶೇ 30 ಹೆಚ್ಚು ಇಂಧನ ಮಾಡಿ ನಾನು ಕಾರ್ಖಾನೆಯ ಕರೆಂಟಿನಲ್ಲಿ ಕಾಲು ಭಾಗ ನುಂಗಿದ್ದೆ.

ತಮಾಷೆ ಎಂದರೆ ಮೂಲ ಆಟದಲ್ಲಿ ಇದೇ ಚಿಪ್ಪು ಲಾಭದ್ದು. ಅಲ್ಲಿ ಚಿಪ್ಪಿಲ್ಲದೆ ಉಳಿಯುವುದು 11.58, ಚಿಪ್ಪು ಹಾಕಿದರೆ 13. ಎಲ್ಲ ಆಟಗಾರರೂ ‘ಹಾಕಿ, ಹಾಕಿ’ ಅನ್ನುವುದು ಅದಕ್ಕೇ. ನಾನು ಆ ಸಲಹೆ ತಂದದ್ದು ಬಾಯ್ಲರ್ ನೂರಕ್ಕೆ ನೂರು ಕೊಡುವ ಲೋಕದಿಂದ. ಹಾಕಿದ್ದು ಮೂವತ್ತೈದು ಕೊಡುವ ಲೋಕದಲ್ಲಿ. ಆ ಲೋಕವನ್ನು ಹುಟ್ಟಿಸಿದವನೂ ನಾನೇ ಎನ್ನುವುದು ಹೆಚ್ಚಿನ ಅವಮಾನ. ಬೆಲ್ಟ್ ಮೇಲಿನ ಇಟ್ಟಿಗೆ ಕಣ್ಣಿಗೆ ಕಾಣುತ್ತದೆ, ಎಣಿಸಬಹುದು, ಇನ್‌ಸ್ಟಾದಲ್ಲಿ ಹಾಕಬಹುದು. ಅದನ್ನು ಮಾಡಲು ಹೋದ ಕರೆಂಟ್ ಕಾಣುವುದಿಲ್ಲ.

ಚಿಪ್ಪುಗಳನ್ನು ಕಿತ್ತು, ‘ಎಫಿಶಿಯೆನ್ಸಿ ಮಾಡ್ಯೂಲ್’ ಹಾಕಿದೆವು. ಮೊದಲ ಹಂತದ್ದು, ಎಲ್ಲಕ್ಕಿಂತ ಅಗ್ಗದ್ದು. ಅದು ಒಂದು ಗ್ರಾಂ ಇಂಧನವನ್ನೂ ಹೆಚ್ಚು ಮಾಡುವುದಿಲ್ಲ. ಯಂತ್ರದ ಕರೆಂಟ್ ಖರ್ಚನ್ನು ಶೇ 30 ಇಳಿಸುತ್ತದೆ, ಅಷ್ಟೆ. ಮೂರು ಹಾಕಿದರೆ 90 ಆಗಬೇಕು, ಆದರೆ 80ಕ್ಕಿಂತ ಹೆಚ್ಚು ಇಳಿಯಬಾರದು ಎಂಬ ನಿಯಮವಿದೆ. ಪ್ಲಾಂಟ್ 42 ಕಿಲೋವ್ಯಾಟ್‌ಗೆ ಬಂತು. ಉಳಿತಾಯ 4.12. ಗಣಿ ಯಂತ್ರಗಳಿಗೂ, ತೈಲದ ಪಂಪುಗಳಿಗೂ ಅದನ್ನೇ ಹಾಕಿದ ಮೇಲೆ ಗ್ರಾಫ್ ಮೊದಲ ಬಾರಿಗೆ ಸಪಾಟಾಗಿ ಮಲಗಿತು. ರೂಮ್‌ಮೇಟ್ ರಾಕೆಟ್ ಇಂಧನವನ್ನು ಬಾಯ್ಲರ್‌ಗೆ ಹಾಕೋಣವೇ ಎಂದು ಕೇಳಿದ. ಹತ್ತು ಇಟ್ಟಿಗೆ, ಅಂದರೆ 120 ಮೆಗಾಜೂಲ್, ಮೇಲೆ ಒಂದಿಷ್ಟು ಲೈಟ್ ಆಯಿಲ್ ಹಾಕಿ 100 ಮೆಗಾಜೂಲ್‌ನ ರಾಕೆಟ್ ಇಂಧನ ಮಾಡುವುದು ರೈಲಿನ ವೇಗಕ್ಕೆ ಸರಿ, ನೀರು ಕಾಯಿಸುವುದಕ್ಕಲ್ಲ. ಈ ಸಲ ನಾನು ಟಿಶ್ಯೂ ಪೇಪರ್ ಇಲ್ಲದೆಯೇ ಹೇಳಿದೆ.

ಶಕ್ತಿನಗರದಂಥ ಸ್ಥಾವರಗಳಲ್ಲೂ ಉತ್ಪಾದಿಸಿದ್ದರಲ್ಲಿ ಸಾಮಾನ್ಯವಾಗಿ ಶೇ 6ರಿಂದ 9 ಅದರದ್ದೇ ಪಂಪು ಫ್ಯಾನುಗಳಿಗೆ ಹೋಗುತ್ತದೆ. ಅದಕ್ಕೆ ‘ಆಕ್ಸಿಲರಿ ಕನ್ಸಂಪ್ಷನ್’ ಅನ್ನುತ್ತಾರೆ. ಲ್ಯಾಬ್ ವೈವಾದಲ್ಲಿ ಮೇಡಂ ಇದನ್ನೇ ಕೇಳಿದರು. ನಾನು ಇಟ್ಟಿಗೆಯ ಕತೆಯನ್ನೇ ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಪೂರ್ತಿ ಕೇಳಿ, ‘ಇಷ್ಟು ಗೊತ್ತಿದ್ದವನು ಇಂಟರ್ನಲ್ಸ್‌ನಲ್ಲಿ ಏನ್ ಮಾಡ್ತಿದ್ದೆ?’ ಅಂದರು. ಏನು ಮಾಡುತ್ತಿದ್ದೆ ಅನ್ನುವುದನ್ನೇ ಅಲ್ಲವೇ ಇಷ್ಟು ಹೊತ್ತು ಹೇಳಿದ್ದು!

ಮೇ ತಿಂಗಳ ರಜೆಗೆ ಊರಿಗೆ ಹೋದೆ. ನನ್ನ ಸೋದರಮಾವನದ್ದು ಆಲೆಮನೆ. ದಿನಕ್ಕೆ ಐದು ಟನ್ ಕಬ್ಬು ಅರೆಯುತ್ತಾರೆ. ನೋಡಿಲ್ಲದವರಿಗೆ ಹೇಳುವುದಾದರೆ, ಗಾಣದಲ್ಲಿ ಕಬ್ಬು ಅರೆದು ಹಾಲು ಒಂದು ಕಡೆ, ಸಿಪ್ಪೆ ಒಂದು ಕಡೆ. ಸಿಪ್ಪೆಯನ್ನು ಬಿಸಿಲಿಗೆ ಹರಡಿ ಒಣಗಿಸಿ ಅದೇ ಒಲೆಗೆ ಹಾಕಿ, ಕೊಪ್ಪರಿಗೆಯಲ್ಲಿ ಹಾಲು ಕಾಯಿಸಿ ಬೆಲ್ಲ ಮಾಡುವುದು. ಕಬ್ಬು ತನ್ನನ್ನು ತಾನೇ ಬೇಯಿಸಿಕೊಳ್ಳುತ್ತದೆ. ಹುಟ್ಟಿದಾಗಿನಿಂದ ನೋಡಿದ್ದನ್ನು ಆ ವರ್ಷ ಮೊದಲ ಸಲ ನೋಡಿದಂತಾಯಿತು. ಇದು ಬಾಯ್ಲರ್, ಅದು ಬೆಲ್ಟ್, ಒಣಹಾಕುವ ಅಂಗಳ ಸೋಲಾರ್. ಬೇಸಿಗೆಯಲ್ಲಿ ಸಿಪ್ಪೆ ಮಿಗುತ್ತದೆ. ಮಳೆಗಾಲದಲ್ಲಿ ಒಣಗುವುದಿಲ್ಲ, ಸೌದೆ ಕೊಳ್ಳಬೇಕು. ಬೆಲ್ಲದ ರೇಟು ಬಿದ್ದ ವರ್ಷ ಆ ಸೌದೆಯ ದುಡ್ಡೇ ಮಾವನ ಇಡೀ ಲಾಭವನ್ನು ತಿಂದಿತ್ತು.

ಅದಕ್ಕೇ ಮಾವ ಒಂದು ಯಂತ್ರಕ್ಕೆ ಅಡ್ವಾನ್ಸ್ ಕೊಟ್ಟಿದ್ದರು. ಸಿಪ್ಪೆಗೆ ಬಿಸಿಗಾಳಿ ಬೀಸಿ ಒಣಗಿಸುವ 15 ಕಿಲೋವ್ಯಾಟ್ ಹೀಟರ್. ಒಟ್ಟು ಬೆಲೆ ಒಂದು ಲಕ್ಷದ ಎಂಬತ್ತು ಸಾವಿರ, ಕೊಟ್ಟಿದ್ದು ಇಪ್ಪತ್ತೈದು ಸಾವಿರ. ‘ಮಳೆಗಾಲ್ದಲ್ಲೂ ಪುಕ್ಕಟೆ ಇಂಧನ ಅಂತೆ ಕನ್ಲಾ’ ಅಂದರು. ಪುಕ್ಕಟೆ ಇಂಧನ ಅನ್ನುವ ಮಾತು ಕಿವಿಗೆ ಬಿದ್ದದ್ದೇ ನನಗೆ ಆ ಹನ್ನೆರಡು ಪ್ಲಾಂಟ್‌ಗಳು ನೆನಪಾದವು.

ಬೆಲ್ಲದ ಲೆಕ್ಕದ ಪುಸ್ತಕದ ಹಿಂದಿನ ಹಾಳೆಯಲ್ಲಿ ಬರೆದೆ. ಒಂದು ಟನ್ ಕಬ್ಬಿಗೆ 300 ಕೆ.ಜಿ. ಹಸಿ ಸಿಪ್ಪೆ ಅಂದುಕೊಂಡರೂ ದಿನಕ್ಕೆ 1,500 ಕೆ.ಜಿ. ಅದರಲ್ಲಿ ಹತ್ತಿರ ಹತ್ತಿರ ಅರ್ಧ ನೀರು. ಉರಿಯುವ ಹದಕ್ಕೆ ಬರಬೇಕಾದರೆ 600 ಕೆ.ಜಿ. ನೀರು ಹೋಗಬೇಕು. ಒಂದು ಕೆ.ಜಿ. ನೀರನ್ನು ಆವಿ ಮಾಡಲು ಸುಮಾರು 2.6 ಮೆಗಾಜೂಲ್ ಬೇಕು, ಇದು ಪಿಯುಸಿಯ ಪಾಠ. 15 ಕಿಲೋವ್ಯಾಟ್ ಹೀಟರ್ ಒಂದು ಚೂರೂ ವ್ಯರ್ಥ ಮಾಡದಿದ್ದರೂ ಗಂಟೆಗೆ 20 ಕೆ.ಜಿ. ನೀರು ಓಡಿಸೀತು. ಅಂದರೆ ಒಂದು ದಿನದ ಸಿಪ್ಪೆ ಒಣಗಲು 30 ಗಂಟೆ. ದಿನಕ್ಕೆ ಇರುವುದೇ 24. ನಮ್ಮೂರಲ್ಲಿ ಕರೆಂಟ್ ಅಷ್ಟು ಹೊತ್ತು ಇರುವುದೂ ಇಲ್ಲ. ಅದನ್ನು ಬಿಟ್ಟರೂ, ಒಣಗಿಸಲು ಹಾಕುವ ಶಾಖ ಮತ್ತು ಒಣಗಿದ ಮೇಲೆ ಒಲೆಯಲ್ಲಿ ಹೆಚ್ಚಾಗಿ ಸಿಗುವ ಶಾಖ ಎರಡೂ ಹೆಚ್ಚುಕಡಿಮೆ ಒಂದೇ. ಎಡಗೈಯಿಂದ ಬಲಗೈಗೆ ಕೊಟ್ಟು, ನಡುವೆ ಕರೆಂಟ್ ಬಿಲ್ ಕಟ್ಟಿದ ಹಾಗೆ.

ಮಾವ ಹಾಳೆಯನ್ನು ನೋಡಿದರು. ನನ್ನನ್ನು ನೋಡಿದರು.

‘ನಿನ್ ಲೆಕ್ಕ ಸರಿ ಇರ್ಬೋದು ಕನ್ಲಾ. ಆದ್ರೆ ಹಸಿ ಸಿಪ್ಪೆ ಹೊತ್ಕಳಾಕೇ ಇಲ್ವಲ್ಲ. ಹೊಗೆಗೆ ಕಣ್ಣು ಹೋಯ್ತವೆ. ಉರಿ ಜೋರಾಗಿ ಬರ್ದಿದ್ರೆ ಪಾಕ ಬತ್ತದಾ? ಬೆಲ್ಲ ಕಪ್ಪಾದ್ರೆ ಮಂಡಿಯೋರು ಕೊಂಡಾರಾ?’

ಅದು ನನ್ನ ಹಾಳೆಯಲ್ಲಿ ಇರಲಿಲ್ಲ. ಅಲ್ಲಿದ್ದದ್ದು ಮೆಗಾಜೂಲ್ ಕಾಲಂ ಒಂದೇ. ಆಟದಲ್ಲಿ 4 ಮೆಗಾಜೂಲ್ ಅಂದರೆ 4 ಮೆಗಾಜೂಲ್. ಮರದ ತುಂಡಾದರೂ ಸರಿ, ರಾಕೆಟ್ ಇಂಧನವಾದರೂ ಸರಿ, ಬಾಯ್ಲರ್ ಒಂದೇ ಥರ ಕಾಯುತ್ತದೆ. ನಿಜವಾದ ಒಲೆಗೆ ಶಾಖ ಎಷ್ಟು ಅನ್ನುವುದರ ಜತೆಗೆ ಎಷ್ಟು ಬಿಸಿ, ಎಷ್ಟು ಬೇಗ ಅನ್ನುವುದೂ ಬೇಕು. ನಮ್ಮ ಮಾಡ್ ಅಷ್ಟು ದೂರ ಯೋಚಿಸಿರಲಿಲ್ಲ. ಎರಡು ಸೆಮಿಸ್ಟರ್ ಓದಿದ ಥರ್ಮೋಡೈನಮಿಕ್ಸ್ ನನಗೆ ಅರ್ಥವಾದದ್ದು ಹೊಗೆಯ ಮಾತು ಬಂದಾಗ.

ಆದರೂ 30 ಗಂಟೆಯ ಲೆಕ್ಕಕ್ಕೆ ಅವರ ಬಳಿ ಉತ್ತರವಿರಲಿಲ್ಲ. ಎರಡು ದಿನ ಸುಮ್ಮನಿದ್ದು, ಮೂರನೇ ದಿನ ಯಂತ್ರ ಬೇಡ ಎಂದು ಫೋನ್ ಮಾಡಿದರು. ಅಡ್ವಾನ್ಸ್ ವಾಪಸ್ ಬರಲಿಲ್ಲ. ಅಮ್ಮ ನನ್ನ ಮೇಲೆ ಹರಿಹಾಯ್ದಳು. ‘ಆ ಹಾಳು ಆಟ ಆಡ್ಕಂಡು ಬಂದು ನಮ್ಮಣ್ಣಂಗೆ ಇಪ್ಪತ್ತೈದು ಸಾವ್ರ ಕಳ್ದೆ.’ ಒಂದೂವರೆ ಲಕ್ಷ ಉಳಿಸಿದೆ ಅನ್ನುವ ಮಾತು ನನ್ನ ಬಾಯಿಗೆ ಬಂದಿತ್ತು. ಆದರೆ ಉಳಿದ ದುಡ್ಡೂ ಆ ಕರೆಂಟಿನ ಹಾಗೆಯೇ, ಕಣ್ಣಿಗೆ ಕಾಣುವುದಿಲ್ಲ. ಸುಮ್ಮನಾದೆ.

ಬ್ಯಾಟರಿ ಯಾಕಿಲ್ಲ ಎಂದು ಕೇಳಿದವನು ರೂಮ್‌ಮೇಟ್, ಫೋನಿನಲ್ಲಿ. ‘ಬೇಸಿಗ್ಯಾಗ ಮಿಕ್ಕಿದ್ದನ್ನ ಮಳಿಗಾಲಕ್ಕ ಇಡ್ರಿ.’ ಅಷ್ಟು ಸರಳ. ಬೇಸಿಗೆಯ ಸಿಪ್ಪೆಯನ್ನು ಮಾವ ಇಟ್ಟಿಗೆ ಗೂಡಿನವರಿಗೆ ಸಿಕ್ಕ ರೇಟಿಗೆ ಮಾರುತ್ತಿದ್ದರು. ಈ ಸಲ ಮಾರಲಿಲ್ಲ. ಗಾಣದ ಹಿಂದೆ ಹಳೇ ಕಂಬ ನೆಟ್ಟು, ತಗಡು ಹೊದಿಸಿ, ನೆಲಕ್ಕೆ ಜಲ್ಲಿ ಹಾಕಿ, ಜೂನ್ ಮೊದಲ ವಾರದವರೆಗೆ ಒಣ ಸಿಪ್ಪೆಯನ್ನು ಒತ್ತಿ ಒತ್ತಿ ಪೇರಿಸಿದೆವು. ಬೆಂಕಿಯ ಭಯಕ್ಕೆ ಒಲೆಯಿಂದ ದೂರ ಇಟ್ಟೆವು, ಹಾಗಾಗಿ ಹೊರುವ ಕೂಲಿ ಜಾಸ್ತಿಯಾಯಿತು. ಅದನ್ನೂ ಬರೆದುಕೊಂಡೆ. ಹಸಿ ಸಿಪ್ಪೆಯನ್ನು ಒಣದರ ಜತೆ ಒಂದಕ್ಕೆ ಎರಡರಂತೆ ಬೆರೆಸಿ ಹಾಕಿದರೆ ಉರಿ ನಿಲ್ಲುತ್ತದೆ ಅನ್ನುವುದು ಒಲೆಗೆ ಹಾಕುವ ಅಜ್ಜನ ಅನುಭವ. ಅದು ಯಾವ ಪುಸ್ತಕದಲ್ಲೂ ನನಗೆ ಸಿಗಲಿಲ್ಲ.

ರೂಮ್‌ಮೇಟ್ ನಮ್ಮ ಒಂದು ಸಾಲಿನ ಮಾಡನ್ನು ರೆಸ್ಯೂಮೆಯ ಪ್ರಾಜೆಕ್ಟ್ ಕಾಲಂನಲ್ಲಿ ಹಾಕಿದ್ದಾನೆ. ಇಂಟರ್ನ್‌ಶಿಪ್ ಸಂದರ್ಶನದಲ್ಲಿ ಹತ್ತು ನಿಮಿಷ ಅದರ ಬಗ್ಗೆಯೇ ಕೇಳಿದರಂತೆ. ಆಯ್ಕೆಯಾಗಲಿಲ್ಲ, ಅದು ಬೇರೆ ಮಾತು. ನಾನಿನ್ನೂ ಹಾಕಿಲ್ಲ. ನನ್ನ 19 ಅಂಕ ಮುಂದಿನ ಇಂಟರ್ನಲ್ಸ್‌ನಲ್ಲಿ 37 ಆಗಿ, ಸೆಮಿಸ್ಟರ್ ಪರೀಕ್ಷೆ ಹೇಗೋ ದಾಟಿದೆ.

ಆಗಸ್ಟ್ ಮೂರನೇ ವಾರ ಊರಿಗೆ ಹೋದಾಗ ಜಿಟಿಜಿಟಿ ಮಳೆ. ಆಲೆಮನೆ ಓಡುತ್ತಿತ್ತು, ಕೊಪ್ಪರಿಗೆಯಲ್ಲಿ ಪಾಕ ಕುದಿಯುತ್ತಿತ್ತು. ತಗಡಿನ ಕೆಳಗಿನ ರಾಶಿ ನನ್ನ ತಲೆಗಿಂತ ಎತ್ತರ ಇದ್ದದ್ದು ಈಗ ಸೊಂಟದ ಮಟ್ಟಕ್ಕೆ ಬಂದಿತ್ತು. ಒಂದು ಮೂಲೆಗೆ ಗೆದ್ದಲು ಹಿಡಿದಿತ್ತು. ಮಾವ ಟವೆಲ್ ತಲೆಗೆ ಹಾಕಿಕೊಂಡು ಬಂದು ಪಕ್ಕದಲ್ಲಿ ನಿಂತರು.

‘ಎಷ್ಟ್ ದಿನಕ್ಕೆ ಬತ್ತದೆ ಅಂತ ಲೆಕ್ಕ ಹಾಕ್ಲಾ’ ಅಂದರು.

ಉದ್ದ ಅಗಲ ಹೆಜ್ಜೆಯಲ್ಲಿ ಅಳೆದೆ. ಗೆದ್ದಲಿನ ಪಾಲು ಕಳೆದೆ. ಹನ್ನೊಂದು ದಿನ ಅಂದೆ. ಮಾವ ಆಕಾಶ ನೋಡಿ, ಸೌದೆಯವನಿಗೆ ಅರ್ಧ ಲೋಡ್ ಸಾಕು ಎಂದು ಫೋನ್ ಹಚ್ಚಿದರು.